ನಿಮಗಿದು ಗೊತ್ತೇ? ಜರ್ಮನ್‌ನಲ್ಲಿ ‘ನಮ್ಮ ಮನೆ ಎಲ್ಲಿ’ ಎಂದು ಹೇಳುವ ಬಗೆ

ಜರ್ಮನ್ ಕಲಿಯಲು ಕೂತವರಿಗೆ ಮೊದಲ ಪಾಠಗಳಲ್ಲೇ ಎದುರಾಗುವ ಪ್ರಶ್ನೆ ‘ವೋ ವೋನೆನ್ ಝೀ?’ ಅಂದರೆ, ನೀವು ಎಲ್ಲಿ ವಾಸವಾಗಿದ್ದೀರಿ? ‘ಇಶ್ ವೋನೆ ಇನ್ ಬರ್ಲಿನ್’ ಎಂದರೆ ಉತ್ತರ ಮುಗಿಯಿತು. ಆದರೆ ಊರಿನ ಬದಲು ದೇಶ ಬಂದರೆ, ದೇಶದ ಬದಲು ದ್ವೀಪ ಬಂದರೆ, ಬೀದಿ, ಮಹಡಿ, ಪಿನ್‌ಕೋಡ್ ಎಲ್ಲ ಬಂದರೆ ಒಂದೊಂದಕ್ಕೂ ಬೇರೆ ವರಸೆ. ಒಂದೊಂದರ ಹಿಂದೆಯೂ ಒಂದು ಕಥೆ.

ಎಲ್ಲಿ, ಎಲ್ಲಿಗೆ, ಎಲ್ಲಿಂದ

■ ಇಂಗ್ಲಿಷ್‌ನ ‘ವೇರ್’ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಜರ್ಮನ್‌ನಲ್ಲಿ ಮೂರು ಪದ: ವೋ, ವೋಹಿನ್, ವೋಹೇರ್. ನಮ್ಮ ಎಲ್ಲಿ, ಎಲ್ಲಿಗೆ, ಎಲ್ಲಿಂದ ಇವಕ್ಕೆ ಸರಿಯಾಗಿ ಕೂರುತ್ತವೆ. ಹಾಗಾಗಿ ಇಂಗ್ಲಿಷ್ ಮೂಲಕ ಕಲಿಯುವುದಕ್ಕಿಂತ ಕನ್ನಡದ ಮೂಲಕ ಕಲಿತರೆ ಈ ಪಾಠ ಸಲೀಸು.

■ ‘ಇನ್ ಡೇರ್ ಶ್ಟಾಟ್’ ಎಂದರೆ ನಗರದಲ್ಲಿ. ‘ಇನ್ ಡೀ ಶ್ಟಾಟ್’ ಎಂದರೆ ನಗರಕ್ಕೆ. ಪ್ರಿಪೊಸಿಷನ್ ‘ಇನ್’ ಎರಡರಲ್ಲೂ ಒಂದೇ, ಬದಲಾಗಿದ್ದು ನಡುವಿನ ಆರ್ಟಿಕಲ್ ಮಾತ್ರ. ಕನ್ನಡ ಪದದ ಬಾಲದಲ್ಲಿ ‘ಅಲ್ಲಿ’, ‘ಕ್ಕೆ’ ಎಂದು ಮಾಡುವ ಕೆಲಸವನ್ನು ಜರ್ಮನ್ ಪದದ ಮುಂದೆಯೇ ಮುಗಿಸುತ್ತದೆ. ವಾಸ ಹೇಳುವಾಗ ಬೇಕಾದ್ದು ಮೊದಲನೆಯದು. ‘ಡೀ’ ಬಳಸಿದರೆ ಕೇಳಿದವರಿಗೆ ನೀವು ಇನ್ನೂ ದಾರಿಯಲ್ಲಿದ್ದೀರಿ ಅನ್ನಿಸುತ್ತದೆ.

■ ನೀನು–ನೀವು ಭೇದ ಅಲ್ಲೂ ಉಂಟು. ಗೆಳೆಯನಿಗೆ, ಮಕ್ಕಳಿಗೆ ‘ವೋ ವೋನ್‌ಸ್ಟ್ ಡೂ?’ ಅಪರಿಚಿತರಿಗೆ, ಅಧಿಕಾರಿಗೆ ‘ವೋ ವೋನೆನ್ ಝೀ?’ ಕನ್ನಡದಂತೆ ಕ್ರಿಯಾಪದವೂ ಜೊತೆಗೇ ಬದಲಾಗುತ್ತದೆ. ಒಂದು ವ್ಯತ್ಯಾಸವಿದೆ: ನಾವು ‘ನಾನು’ ಬಿಟ್ಟು ‘ಮೈಸೂರಲ್ಲಿದ್ದೇನೆ’ ಎಂದರೆ ನಡೆಯುತ್ತದೆ. ಜರ್ಮನ್‌ನಲ್ಲಿ ‘ಇಶ್’ ಬಿಡುವಂತಿಲ್ಲ.

■ ‘ವೋನೆ’ ಎಂದು ಓಕಾರ ಎಳೆದರೆ ವಾಸವಾಗಿದ್ದೇನೆ ಎಂದರ್ಥ. ‘ವೊನೆ’ ಎಂದು ಮೊಟಕು ಮಾಡಿದರೆ ಅದು ಬೇರೆ ಪದ, ಪರಮಾನಂದ ಎಂದರ್ಥ. ಹಿಂದಿಯ ಅಕ್ಷರಮಾಲೆಯಲ್ಲಿ ಒ–ಓ ಜೋಡಿ ಇಲ್ಲ. ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬರೆದುಕೊಳ್ಳುವವರಿಗೆ ಈ ತೊಡಕಿಲ್ಲ.

■ ‘ವೋನೆನ್’ ಮನೆ, ಬೀದಿ, ಊರಿನ ಮಟ್ಟದ ವಾಸ. ‘ಲೇಬೆನ್’ ಎಂದರೆ ಬದುಕುವುದು; ಯಾವ ದೇಶದಲ್ಲಿ ನೆಲೆಸಿದ್ದೀರಿ ಎಂದು ಹೇಳುವಾಗ ಹೆಚ್ಚಾಗಿ ಅದೇ ಬರುತ್ತದೆ. ಅರ್ಜಿ ನಮೂನೆಗಳಲ್ಲಿ ಎರಡೂ ಇರುವುದಿಲ್ಲ. ಅಲ್ಲಿರುವುದು ‘ವೋನ್‌ಓರ್ಟ್’, ವಾಸದ ಊರು.

■ ‘ಮನೆಯಲ್ಲಿದ್ದೇನೆ’ ಎನ್ನಲು ‘ತ್ಸು ಹೌಝೆ’. ‘ಮನೆಗೆ ಹೋಗುತ್ತೇನೆ’ ಎನ್ನಲು ‘ನಾಖ್ ಹೌಝೆ’. ಇವೆರಡೂ ಸೂತ್ರಕ್ಕೆ ಸಿಗುವುದಿಲ್ಲ, ಮಗ್ಗಿಯ ಹಾಗೆ ಬಾಯಿಪಾಠ ಮಾಡುವುದೇ ದಾರಿ.

■ ಚಿಕ್ಕಮ್ಮನ ಮನೆಯಲ್ಲಿ ಇದ್ದೀರಾ? ಹಾಗಾದರೆ ‘ಬೈ’ ಬೇಕು: ‘ಬೈ ಮೈನರ್ ಟಾಂಟೆ’. ಮನೆ ಎಂಬ ಪದವೇ ಬೇಡ, ‘ಬೈ’ ಅದನ್ನು ಒಳಗಿಟ್ಟುಕೊಂಡಿದೆ. ಆದರೆ ಅದೇ ‘ಬೈ’ ಊರಿನ ಹೆಸರಿನ ಮುಂದೆ ಬಂದರೆ ಅರ್ಥ ಬೇರೆ. ‘ಬೈ ಫ್ರಾಂಕ್‌ಫರ್ಟ್’ ಎಂದರೆ ಫ್ರಾಂಕ್‌ಫರ್ಟ್‌ನಲ್ಲಿ ಅಲ್ಲ, ಅದರ ಹತ್ತಿರದ ಯಾವುದೋ ಊರಲ್ಲಿ.

ಊರು, ನಾಡು, ದ್ವೀಪ

■ ಭಾರತ, ಫ್ರಾನ್ಸ್, ಜರ್ಮನಿ ಇವಕ್ಕೆ ಬರೀ ‘ಇನ್’ ಸಾಕು: ‘ಇನ್ ಇಂಡಿಯೆನ್’. ಆದರೆ ಕೆಲವು ದೇಶಗಳು ಆರ್ಟಿಕಲ್ ಇಲ್ಲದೆ ಹೊರಡುವುದೇ ಇಲ್ಲ. ಸ್ವಿಟ್ಜರ್ಲೆಂಡ್, ಟರ್ಕಿ, ಉಕ್ರೇನ್ ಸ್ತ್ರೀಲಿಂಗ: ‘ಇನ್ ಡೇರ್ ಶ್ವೈತ್ಸ್’. ಲೆಬನಾನ್ ಪುಲ್ಲಿಂಗ: ‘ಇಮ್ ಲೀಬನೋನ್’. ಅಮೆರಿಕ, ನೆದರ್‌ಲೆಂಡ್ಸ್ ಬಹುವಚನ: ‘ಇನ್ ಡೇನ್ ಊ-ಎಸ್-ಆ’.

■ ಜರ್ಮನಿಯ 16 ರಾಜ್ಯಗಳಲ್ಲಿ ಆಡುಮಾತಿನಲ್ಲೂ ಆರ್ಟಿಕಲ್ ಕೇಳುವುದು ಒಂದೇ, ಝಾರ್‌ಲಾಂಟ್. ‘ಇನ್ ಬೈಯರ್ನ್’, ‘ಇನ್ ಹೆಸ್ಸೆನ್’ ಎನ್ನುವವರು ಅಲ್ಲಿಗೆ ಬಂದಾಗ ‘ಇಮ್ ಝಾರ್‌ಲಾಂಟ್’ ಎನ್ನುತ್ತಾರೆ.

■ ಸಣ್ಣ ದ್ವೀಪದಲ್ಲಿ ವಾಸವಾದರೆ ‘ಇನ್’ ಹೋಗಿ ‘ಔಫ್’ ಬರುತ್ತದೆ, ಅಂದರೆ ‘ಮೇಲೆ’. ಉತ್ತರ ಸಮುದ್ರದ ಝ್ಯುಲ್ಟ್, ಬಾಲ್ಟಿಕ್‌ನ ರ‍್ಯೂಗೆನ್, ದೂರದ ಮಾರಿಷಸ್, ಮಾಲ್ಟಾ ಎಲ್ಲಕ್ಕೂ ‘ಔಫ್’. ಐರ್ಲೆಂಡ್, ಬ್ರಿಟನ್‌ನಂಥ ದೊಡ್ಡವಕ್ಕೆ ಮತ್ತೆ ‘ಇನ್’. ಹಳ್ಳಿಗಾಡಿನಲ್ಲಿ ಇರುವವರೂ ‘ಔಫ್ ಡೇಮ್ ಲಾಂಟ್’ ಎಂದೇ ಹೇಳುತ್ತಾರೆ.

■ ಭಾರತೀಯ ಗಂಡಸು ‘ಇಂಡರ್’, ಹೆಂಗಸು ‘ಇಂಡರಿನ್’. ಅಭ್ಯಾಸಬಲದಿಂದ ‘ಇಂಡಿಯಾನರ್’ ಎಂದುಬಿಟ್ಟರೆ ನೀವು ಅಮೆರಿಕದ ಮೂಲನಿವಾಸಿ ಆಗಿಬಿಡುತ್ತೀರಿ.

■ ಊರಿನ ಹೆಸರಿಗೆ ‘ಅರ್’ ಸೇರಿಸಿದರೆ ಊರಿನವನು, ‘ಅರಿನ್’ ಸೇರಿಸಿದರೆ ಊರಿನವಳು: ಬರ್ಲಿನರ್, ಬರ್ಲಿನರಿನ್. ಹ್ಯಾಂಬರ್ಗರ್, ಫ್ರಾಂಕ್‌ಫರ್ಟರ್ ಮೊದಲಿಗೆ ಆ ಊರಿನವರ ಹೆಸರು, ತಿನಿಸಿನ ಹೆಸರಾಗಿದ್ದು ಆಮೇಲೆ. ಕೆಲವು ಊರುಗಳು ಮಾತ್ರ ಹಟಮಾರಿ. ಮ್ಯೂನ್ಶೆನ್ ಅಂದರೆ ಮ್ಯೂನಿಕ್‌ನವನು ಮ್ಯೂನ್ಶ್‌ನರ್, ಬ್ರೇಮೆನ್‌ನವನು ಬ್ರೇಮರ್, ಹಾನೋಫರ್‌ನವನು ಹನೊವೆರಾನರ್!

■ 1963ರ ಜೂನ್ 26ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಪಶ್ಚಿಮ ಬರ್ಲಿನ್‌ನ ಶ್ಯೋನೆಬೆರ್ಗ್ ಪುರಭವನದ ಮುಂದೆ ತಾನೂ ಒಬ್ಬ ಬರ್ಲಿನರ್ ಎಂದು ಜರ್ಮನ್‌ನಲ್ಲೇ ಸಾರಿದರು. ‘ಐನ್’ ಎಂಬ ಆರ್ಟಿಕಲ್ ಸೇರಿಸಿದ್ದರಿಂದ ‘ನಾನೊಂದು ಜಾಮ್ ತುಂಬಿದ ಬನ್ನು’ ಎಂದಂತಾಯಿತು ಎಂಬ ಕಥೆ ಆಮೇಲೆ ಹುಟ್ಟಿಕೊಂಡಿತು. ಅದು ಬರೀ ಕಟ್ಟುಕಥೆ. ನಿಜವಾಗಿ ಆ ಊರಿನವನಾದರೆ ‘ಐನ್’ ಬೇಡ. ಕೆನಡಿ ಆ ಊರಿನವರಲ್ಲ, ಮನಸ್ಸಿನಿಂದ ಅವರಲ್ಲೊಬ್ಬ ಎನ್ನುತ್ತಿದ್ದರು. ಅದಕ್ಕೆ ‘ಐನ್’ ಬೇಕೇ ಬೇಕು. ಸಾಲದ್ದಕ್ಕೆ, ಜರ್ಮನಿಯ ಬೇರೆ ಕಡೆ ‘ಬರ್ಲಿನರ್’ ಎನಿಸಿಕೊಳ್ಳುವ ಆ ತಿಂಡಿಯನ್ನು ಬರ್ಲಿನ್‌ನವರೇ ‘ಫಾನ್‌ಕೂಖೆನ್’ ಎನ್ನುತ್ತಾರೆ.

■ ‘ಫ್ರಾಂಕ್‌ಫರ್ಟ್‌ನಲ್ಲಿದ್ದೇನೆ’ ಎಂದರೆ ಸಾಲದು, ಯಾವ ಫ್ರಾಂಕ್‌ಫರ್ಟ್? ವಿಮಾನ ನಿಲ್ದಾಣ, ಬ್ಯಾಂಕುಗಳಿರುವುದು ಮೈನ್ ನದಿಯ ದಡದಲ್ಲಿ. ಇನ್ನೊಂದು ಪೋಲೆಂಡ್ ಗಡಿಯಲ್ಲಿ, ಓಡರ್ ನದಿಯ ದಡದಲ್ಲಿ. ಅದಕ್ಕೇ ಮೊದಲನೆಯದರ ಪೂರ್ತಿ ಹೆಸರು ‘ಫ್ರಾಂಕ್‌ಫರ್ಟ್ ಆಮ್ ಮೈನ್’. ಪ್ರವಾಸಿಗರ ಮೆಚ್ಚಿನ ‘ರೋಟೆನ್‌ಬುರ್ಗ್ ಓಪ್ ಡೇರ್ ಟೌಬರ್’ ಎಂಬ ಹೆಸರಿನ ಅರ್ಥ, ಟೌಬರ್ ನದಿಯ ಮೇಲ್ಗಡೆ ಇರುವ ರೋಟೆನ್‌ಬುರ್ಗ್.

■ ಪೂರ್ವ ಜರ್ಮನಿಯ ಕೆಮ್ನಿಟ್ಸ್ ನಗರಕ್ಕೆ 1953ರಿಂದ 1990ರವರೆಗೆ ಕಾರ್ಲ್-ಮಾರ್ಕ್ಸ್-ಶ್ಟಾಟ್ ಎಂಬ ಹೆಸರಿತ್ತು. 1990ರಲ್ಲಿ ಜನ ಮತ ಹಾಕಿ ಹಳೆಯ ಹೆಸರನ್ನೇ ತಂದರು. ಆ ನಡುವೆ ಅಲ್ಲಿ ಹುಟ್ಟಿದವರು ‘ಎಲ್ಲಿ ಹುಟ್ಟಿದ್ದು?’, ‘ಈಗ ಎಲ್ಲಿ ವಾಸ?’ ಎಂಬ ಪ್ರಶ್ನೆಗಳಿಗೆ ಊರು ಬಿಟ್ಟು ಕದಲದೆಯೇ ಎರಡು ಹೆಸರು ಹೇಳಬಲ್ಲರು.

■ ‘ನಾನು ಬೀಲೆಫೆಲ್ಟ್‌ನವನು’ ಎಂದರೆ ಜರ್ಮನರು ನಗುತ್ತಾರೆ. ‘ಅಂಥ ಊರೇ ಇಲ್ಲ’ ಎಂಬ ತಮಾಷೆ 1994ರಿಂದ ಚಾಲ್ತಿಯಲ್ಲಿದೆ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಆ ಊರಿನ ನಗರಸಭೆ 2019ರಲ್ಲಿ, ಊರಿಲ್ಲ ಎಂದು ಸಾಬೀತು ಮಾಡಿದವರಿಗೆ 10 ಲಕ್ಷ ಯೂರೊ ಕೊಡುವುದಾಗಿ ಸವಾಲು ಹಾಕಿತು. ಹಣ ನಗರಸಭೆಯಲ್ಲೇ ಉಳಿಯಿತು.

■ ಸ್ವಿಟ್ಜರ್ಲೆಂಡ್‌ನ ಜರ್ಮನ್ ಆಡುನುಡಿಯಲ್ಲಿ ಊರಿನ ಹೆಸರಿನ ಮುಂದೆ ‘ಇನ್’ ಬದಲು ಬರೀ ‘ತ್ಸ್’ ಸಾಕು. ಬೆರ್ನ್‌ನಲ್ಲಿದ್ದೇನೆ ಎನ್ನಲು ‘ತ್ಸ್ ಬ್ಯಾರ್ನ್’. ಪುಸ್ತಕದ ಜರ್ಮನ್ ಕಲಿತು ಅಲ್ಲಿಗೆ ಹೋದವರು ಮೊದಮೊದಲು ಕಣ್ಣುಕಣ್ಣು ಬಿಡುತ್ತಾರೆ.

ಬೀದಿ, ನಂಬರು, ಬಾಗಿಲು

■ ನಾವು ಮನೆ ನಂಬರು ಬರೆದು ಆಮೇಲೆ ರಸ್ತೆ ಬರೆಯುತ್ತೇವೆ. ಜರ್ಮನ್ನರು ರಸ್ತೆ ಮೊದಲು, ನಂಬರು ಆಮೇಲೆ: ‘ಗ್ಯೋಟೆಶ್ಟ್ರಾಸೆ 12’. ಪಿನ್‌ಕೋಡ್ ಊರಿನ ಹೆಸರಿಗಿಂತ ಮುಂಚೆ ಬರುತ್ತದೆ, ನಮ್ಮಂತೆ ಕೊನೆಯಲ್ಲಲ್ಲ.

■ ‘ಶ್ಟ್ರಾಸೆ’ ಸ್ತ್ರೀಲಿಂಗ, ‘ವೇಗ್’ ಎಂಬ ದಾರಿ ಪುಲ್ಲಿಂಗ. ಹಾಗಾಗಿ ‘ಇನ್ ಡೇರ್ ಗ್ಯೋಟೆಶ್ಟ್ರಾಸೆ’, ಆದರೆ ‘ಇಮ್ ಲಿಂಡೆನ್‌ವೇಗ್’. ಚೌಕದ ಬಳಿ ಮನೆಯಿದ್ದರೆ ‘ಆಮ್ ಮಾರ್ಕ್ಟ್‌ಪ್ಲಾಟ್ಸ್’. ಜರ್ಮನಿಯಲ್ಲಿ ಅತಿ ಹೆಚ್ಚು ಕಡೆ ಸಿಗುವ ರಸ್ತೆಯ ಹೆಸರು ‘ಹೌಪ್ಟ್‌ಶ್ಟ್ರಾಸೆ’, ಅಂದರೆ ನಮ್ಮ ಮೇನ್ ರೋಡೇ.

■ ‘ಶ್ಟ್ರಾಸೆ’ ಬರೆಯಲು ಇಂಗ್ಲಿಷ್‌ನ ದೊಡ್ಡ ಬಿ ಅಕ್ಷರದಂತೆ ಕಾಣುವ ‘ಎಸ್‌ಟ್ಸೆಟ್’ ಬೇಕು. ಅದರ ದೊಡ್ಡಕ್ಷರಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 2017ರಲ್ಲಿ. ಸ್ವಿಟ್ಜರ್ಲೆಂಡ್‌ನಲ್ಲಿ ಆ ಅಕ್ಷರದ ಬಳಕೆಯೇ ಇಲ್ಲ. ಎರಡು ಎಸ್ ಬರೆದರೆ ಆಯಿತು.

■ ಮನೆಗೆ ನಂಬರು ಬಂದದ್ದು ಅಂಚೆಯವರ ಅನುಕೂಲಕ್ಕೆ ಅಂದುಕೊಂಡಿರಾ? ಆಸ್ಟ್ರಿಯಾದಲ್ಲಿ 1770ರಲ್ಲಿ ಮಾರಿಯಾ ತೆರೇಸಾ ರಾಣಿಯ ಆಡಳಿತ ಮನೆಮನೆಗೆ ನಂಬರು ಬರೆಸಿದ್ದು ಸೇನೆಗೆ ಸೇರಿಸಬಹುದಾದ ಗಂಡಸರು ಎಲ್ಲೆಲ್ಲಿದ್ದಾರೆ ಎಂದು ಲೆಕ್ಕ ಹಿಡಿಯಲು.

■ ‘4711’ ಎಂಬ ಹೆಸರಾಂತ ಸುಗಂಧದ್ರವ್ಯಕ್ಕೆ ಆ ಹೆಸರು ಬಂದದ್ದು ಒಂದು ಮನೆ ನಂಬರಿನಿಂದ. 1790ರ ದಶಕದಲ್ಲಿ ಫ್ರೆಂಚ್ ಸೇನೆ ಕಲೋನ್ ನಗರವನ್ನು ಹಿಡಿದಿದ್ದಾಗ ಊರಿಡೀ ಮನೆಗಳಿಗೆ ಒಂದೇ ಸಾಲಿನಲ್ಲಿ ನಂಬರು ಹಾಕಲಾಯಿತು. ಗ್ಲೋಕೆನ್‌ಗಾಸೆ ಬೀದಿಯ ಆ ಮನೆಗೆ ಬಿದ್ದದ್ದು 4711.

■ ಬರ್ಲಿನ್‌ನ ಹಳೆಯ ಬೀದಿಗಳಲ್ಲಿ ಒಂದು ಬದಿ ಸಮಸಂಖ್ಯೆ, ಇನ್ನೊಂದು ಬದಿ ಬೆಸಸಂಖ್ಯೆ ಎಂಬ ಲೆಕ್ಕ ನಡೆಯುವುದಿಲ್ಲ. ನಂಬರು ಒಂದೇ ಬದಿಯಲ್ಲಿ 1, 2, 3 ಎಂದು ತುದಿಯವರೆಗೆ ಹೋಗಿ, ಎದುರು ಬದಿಯಲ್ಲಿ ವಾಪಸು ಬರುತ್ತದೆ. ಕುರ್‌ಫ್ಯುರ್‌ಸ್ಟೆನ್‌ಡಾಮ್ ಎಂಬ ದೊಡ್ಡ ರಸ್ತೆ ಇನ್ನೂ ವಿಚಿತ್ರ. ಅಲ್ಲಿ ನಂಬರು ಶುರುವಾಗುವುದೇ 11ರಿಂದ. ಮೊದಲ ಹತ್ತು ಮನೆಗಳಿದ್ದ ತುಂಡನ್ನು 1925ರಲ್ಲಿ ಬೇರೆ ರಸ್ತೆಗೆ ಸೇರಿಸಿಬಿಟ್ಟರು.

■ ಮಾನ್‌ಹೈಮ್ ನಗರದ ನಡುಭಾಗದ ವಿಳಾಸದಲ್ಲಿ ಬೀದಿಯ ಹೆಸರೇ ಇರುವುದಿಲ್ಲ. ಊರನ್ನು ಚೌಕಚೌಕವಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಒಂದು ಅಕ್ಷರ, ಒಂದು ಅಂಕಿ ಕೊಟ್ಟಿದ್ದಾರೆ. ‘ಸಿ 4, 9’ ಎಂದರೆ ಸಿ 4 ಚೌಕದ ಒಂಬತ್ತನೆಯ ಮನೆ.

■ ಜರ್ಮನಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರು ಇರುವುದಿಲ್ಲ. ಕೆಳಗಿನ ಬಾಗಿಲಿನ ಪಕ್ಕ ಕರೆಗಂಟೆಗಳ ಸಾಲು, ಒಂದೊಂದರ ಎದುರೂ ಮನೆಯವರ ಅಡ್ಡಹೆಸರು. ಅಂಚೆ ಪೆಟ್ಟಿಗೆಯ ಮೇಲೂ ಅಷ್ಟೇ. ಹೊಸದಾಗಿ ಹೋದವರು ಅಲ್ಲಿ ಹೆಸರು ಅಂಟಿಸದಿದ್ದರೆ ಬ್ಯಾಂಕಿನ ಕಾರ್ಡು, ವಿಮೆಯ ಪತ್ರ ಎಲ್ಲ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುತ್ತವೆ.

■ ವಿಯೆನ್ನಾದಲ್ಲಿ ಇದೇ ರಗಳೆಯಾಯಿತು. ಗಂಟೆಯ ಪಕ್ಕ ಹೆಸರು ಹಾಕುವುದು ಖಾಸಗಿತನಕ್ಕೆ ಧಕ್ಕೆ ಎಂದು ಬಾಡಿಗೆದಾರರೊಬ್ಬರು ದೂರಿದ್ದರಿಂದ, 2018ರಲ್ಲಿ ನಗರಾಡಳಿತ ತನ್ನ ಸುಮಾರು 2,20,000 ಮನೆಗಳ ಫಲಕಗಳಲ್ಲಿ ಹೆಸರಿನ ಬದಲು ನಂಬರು ಹಾಕುವುದಾಗಿ ಪ್ರಕಟಿಸಿತು. ಯುರೋಪಿನ ಹೊಸ ದತ್ತಾಂಶ ಕಾನೂನು ಆ ವರ್ಷವೇ ಜಾರಿಯಾಗಿತ್ತು.

■ ‘ಏರ್ಸ್ಟರ್ ಶ್ಟೋಕ್’ ಎಂದರೆ ಮೊದಲ ಮಹಡಿ, ನಮ್ಮ ಲೆಕ್ಕದ್ದೇ. ನೆಲಮಹಡಿ ‘ಏರ್ಡ್‌ಗೆಶೋಸ್’. ಬರ್ಲಿನ್‌ನಲ್ಲಿ ಇನ್ನೂ ಒಂದು ವಿವರ ಹೇಳಬೇಕು: ರಸ್ತೆಗೆ ಮುಖಮಾಡಿದ ‘ಫೋರ್ಡರ್‌ಹೌಸ್’ನಲ್ಲೋ, ಅಂಗಳ ದಾಟಿ ಹಿಂದಿರುವ ‘ಹಿಂಟರ್‌ಹೌಸ್’ನಲ್ಲೋ? ಹಳೆಯ ಬೆಂಗಳೂರಿನ ವಠಾರ ನೋಡಿದವರಿಗೆ ಈ ಅಂಗಳ ಅರ್ಥವಾಗುತ್ತದೆ.

■ ಬೆಂಗಳೂರಿನ ‘ಟೂ ಬಿಎಚ್‌ಕೆ’ ಅಲ್ಲಿ ಮೂರು ಕೋಣೆಯ ಮನೆ, ‘ಡ್ರೈ-ತ್ಸಿಮರ್-ವೋನುಂಗ್’. ಹಾಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಡುಗೆಮನೆ, ಬಚ್ಚಲು ಬರುವುದಿಲ್ಲ. ಸ್ನೇಹಿತರ ಜೊತೆ ಮನೆ ಹಂಚಿಕೊಂಡಿದ್ದರೆ ‘ವೇ-ಗೇ’ ಎಂಬ ಎರಡಕ್ಷರ ಸಾಕು. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಡಿಗೆ ಮನೆಯಲ್ಲೇ ಇರುವವರು.

ಅಂಚೆಯ ಅಂಕಿ

■ 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಪಿನ್‌ಕೋಡ್‌ಗಳು ಡಿಕ್ಕಿ ಹೊಡೆದವು. ಎರಡೂ ಕಡೆ ನಾಲ್ಕಂಕಿಯ ಕೋಡ್. 5300 ಎಂದರೆ ಪಶ್ಚಿಮದಲ್ಲಿ ಬಾನ್, ಪೂರ್ವದಲ್ಲಿ ವೈಮಾರ್! ಸ್ವಲ್ಪ ಕಾಲ ಪಶ್ಚಿಮಕ್ಕೆ ‘ವೇ’, ಪೂರ್ವಕ್ಕೆ ‘ಓ’ ಎಂಬ ಅಕ್ಷರ ಮುಂದೆ ಹಚ್ಚಿ ನಿಭಾಯಿಸಿದರು. 1993ರ ಜುಲೈ 1ರಿಂದ ಐದಂಕಿಯ ಹೊಸ ಕೋಡ್ ಬಂತು. ನಮ್ಮ ಆರಂಕಿಯ ಪಿನ್‌ಕೋಡ್ ಅದಕ್ಕೂ ಹಿರಿಯದು, 1972ರ ಆಗಸ್ಟ್ 15ರದು.

■ ಜರ್ಮನಿಯ ಪಿನ್‌ಕೋಡ್ ಸೊನ್ನೆಯಿಂದಲೂ ಶುರುವಾಗಬಹುದು. ಡ್ರೆಸ್‌ಡೆನ್, ಲೈಪ್‌ಜಿಗ್, ಕೆಮ್ನಿಟ್ಸ್ ಕಡೆ ಮೊದಲ ಅಂಕಿ 0. ಬರ್ಲಿನ್‌ನದು 1, ಹ್ಯಾಂಬರ್ಗ್‌ನದು 2, ಮ್ಯೂನ್ಶೆನ್‌ನದು 8. ವಿಳಾಸ ಹೇಳುವಾಗ ಸೊನ್ನೆ ನುಂಗಬೇಡಿ.

■ ವಿಯೆನ್ನಾದ ಪಿನ್‌ಕೋಡ್ ನೋಡಿದರೆ ಬಡಾವಣೆ ತಿಳಿಯುತ್ತದೆ. ನಡುವಿನ ಎರಡು ಅಂಕಿಯೇ ಜಿಲ್ಲೆಯ ಸಂಖ್ಯೆ. 1070 ಎಂದರೆ ಏಳನೆಯ ಜಿಲ್ಲೆ, 1090 ಎಂದರೆ ಒಂಬತ್ತನೆಯದು. ಸಿಗ್ಮಂಡ್ ಫ್ರಾಯ್ಡ್ 1891ರಿಂದ 1938ರವರೆಗೆ ವಾಸವಿದ್ದ ಬೆರ್ಗ್‌ಗಾಸೆ 19 ಈ ಒಂಬತ್ತನೆಯ ಜಿಲ್ಲೆಯಲ್ಲಿದೆ.

■ ಬ್ಯೂಸಿಂಗೆನ್ ಜರ್ಮನಿಗೆ ಸೇರಿದ ಊರು, ಆದರೆ ಸುತ್ತಲೂ ಸ್ವಿಟ್ಜರ್ಲೆಂಡ್. ಅಲ್ಲಿನವರಿಗೆ ಎರಡು ಪಿನ್‌ಕೋಡ್: ಜರ್ಮನ್ ಅಂಚೆಗೆ 78266, ಸ್ವಿಸ್ ಅಂಚೆಗೆ 8238.

■ ಜರ್ಮನಿಯ ಓಯ್ಟೀನ್ ಬಳಿಯ ಡೋಡೌ ಕಾಡಿನಲ್ಲಿ ಒಂದು ಓಕ್ ಮರಕ್ಕೆ ಸ್ವಂತ ಅಂಚೆ ವಿಳಾಸವಿದೆ; ಪಿನ್‌ಕೋಡ್ 23701. ಜೋಡಿ ಹುಡುಕುವವರು ಪತ್ರ ಬರೆಯುತ್ತಾರೆ. ಅಂಚೆಯವರು ಏಣಿ ಹತ್ತಿ ಮರದ ಪೊಟರೆಯಲ್ಲಿ ಹಾಕುತ್ತಾರೆ. ಬೇಕಾದವರು ತೆಗೆದು ಓದಿ ಉತ್ತರಿಸಬಹುದು. 1927ರಿಂದಲೂ ಈ ಬಟವಾಡೆ ನಡೆದಿದೆ.

■ ಮನೆ ನಂಬರು 23ನ್ನು ಜರ್ಮನ್‌ನಲ್ಲಿ ‘ಮೂರು ಮತ್ತು ಇಪ್ಪತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ. ಕಿವಿಗೆ ಬಿದ್ದಂತೆ ಬರೆದುಕೊಂಡರೆ 32 ಆಗುತ್ತದೆ, ಆಟೊ ಬೇರೆ ಮನೆಯ ಮುಂದೆ ನಿಲ್ಲುತ್ತದೆ. ಫೋನಿನಲ್ಲಿ ಎರಡಕ್ಕೆ ‘ತ್ಸ್ವೈ’ ಎನ್ನದೆ ‘ತ್ಸ್ವೋ’ ಎನ್ನುವ ರೂಢಿಯೂ ಇದೆ. ‘ಡ್ರೈ’ ಎಂಬ ಮೂರರ ಜೊತೆ ಕಲಸಿಹೋಗದಿರಲಿ ಎಂದು.

ಕಚೇರಿಯ ಕಿಟಕಿ, ಪರೀಕ್ಷೆಯ ಮೇಜು

■ ಜರ್ಮನಿಯಲ್ಲಿ ಮನೆ ಬದಲಿಸಿದರೆ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ಹೊಸ ವಿಳಾಸ ದಾಖಲಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. 2015ರ ನವೆಂಬರ್ 1ರಿಂದ ಮನೆ ಮಾಲೀಕರ ಸಹಿಯ ಪತ್ರವೂ ಕಡ್ಡಾಯ. ಧರ್ಮ ಯಾವುದು ಎಂದೂ ಅದೇ ಅರ್ಜಿ ಕೇಳುತ್ತದೆ, ಚರ್ಚ್ ತೆರಿಗೆಯ ಲೆಕ್ಕಕ್ಕಾಗಿ. ಜರ್ಮನ್ ನಾಗರಿಕರಾದರೆ ಗುರುತಿನ ಚೀಟಿಯ ಹಿಂಬದಿಗೆ ಹೊಸ ವಿಳಾಸದ ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ.

■ ಕಿಟಕಿಯ ಆಚೆಗಿರುವವರು ‘ಅಕ್ಷರ ಬಿಡಿಸಿ ಹೇಳಿ’ ಎಂದರೆ? 2022ರಲ್ಲಿ ಪರಿಷ್ಕೃತ ‘ಡಿನ್ 5009’ ಎಂಬ ಮಾನದಂಡ ಕಚೇರಿ ವ್ಯವಹಾರಕ್ಕೆ ಊರುಗಳ ಪಟ್ಟಿ ಕೊಟ್ಟಿದೆ. ಎ ಅಕ್ಷರಕ್ಕೆ ಆಖೆನ್, ಬಿಗೆ ಬರ್ಲಿನ್, ಸಿಗೆ ಕೆಮ್ನಿಟ್ಸ್. ಈ ಲೆಕ್ಕದಲ್ಲಿ ಹುಬ್ಬಳ್ಳಿ ತಲುಪಬೇಕಾದರೆ ಹ್ಯಾಂಬರ್ಗ್, ಉನ್ನಾ, ಬರ್ಲಿನ್, ಮತ್ತೆ ಬರ್ಲಿನ್, ಆಖೆನ್, ಲೈಪ್‌ಜಿಗ್, ಮತ್ತೆ ಲೈಪ್‌ಜಿಗ್, ಇಂಗೆಲ್‌ಹೈಮ್ ಸುತ್ತಬೇಕು! ಮೈಸೂರಿನ ವೈ ಅಕ್ಷರಕ್ಕೆ ಮಾತ್ರ ಊರಿಲ್ಲ, ಅಕ್ಷರದ ಹೆಸರಾದ ‘ಯುಪ್ಸಿಲೋನ್’ ಅನ್ನೇ ಉಳಿಸಿಕೊಂಡಿದ್ದಾರೆ.

■ ಅದಕ್ಕೂ ಮುಂಚೆ ಈ ಪಟ್ಟಿಯಲ್ಲಿದ್ದದ್ದು ಮುಖ್ಯವಾಗಿ ಜನರ ಹೆಸರುಗಳು. 1934ರಲ್ಲಿ ನಾಜಿಗಳು ಅದರಿಂದ ಡಾವಿಡ್, ನಾಥಾನ್, ಝಾಮುಯೆಲ್ ಎಂಬ ಯಹೂದಿ ಹೆಸರುಗಳನ್ನು ಕಿತ್ತುಹಾಕಿ ಡೋರಾ, ನೋರ್ಡ್‌ಪೋಲ್, ಝೀಗ್‌ಫ್ರೀಡ್ ತುರುಕಿದ್ದರು. ಆ ಕಲೆ ಪೂರ್ತಿ ಹೋಗಿರಲಿಲ್ಲ. ಊರುಗಳ ಹೆಸರಿಗೆ ಬದಲಾಯಿಸಲು ಅದೂ ಒಂದು ಕಾರಣ.

■ ಆ ಪಟ್ಟಿಯಲ್ಲಿ ಟಿ ಅಕ್ಷರಕ್ಕಿರುವ ಊರು ಟ್ಯೂಬಿಂಗೆನ್. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಹುಟ್ಟಿದ್ದು ಉತ್ತರ ಸಮುದ್ರದ ಕಡೆಯ ಓಸ್ಟ್‌ಫ್ರೀಸ್‌ಲಾಂಟ್‌ನ ರೆಸ್ಟರ್‌ಹಾಫೆಯಲ್ಲಿ, 1832ರಲ್ಲಿ.

■ ಗ್ಯೋಟೆ ಇನ್‌ಸ್ಟಿಟ್ಯೂಟ್‌ನ ಎ1 ಪರೀಕ್ಷೆಯ ಮಾತಿನ ಭಾಗದಲ್ಲಿ ಅಭ್ಯರ್ಥಿಯ ಮುಂದೆ ಏಳು ಪದ ಇಡುತ್ತಾರೆ: ಹೆಸರು, ವಯಸ್ಸು, ದೇಶ, ವಾಸದ ಊರು, ಭಾಷೆಗಳು, ಉದ್ಯೋಗ, ಹವ್ಯಾಸ. ಅವನ್ನು ಹಿಡಿದು ತನ್ನ ಪರಿಚಯ ಹೇಳಬೇಕು. ಆಮೇಲೆ ಒಂದು ಪದದ ಅಕ್ಷರ ಬಿಡಿಸಬೇಕು, ಪಿನ್‌ಕೋಡ್ ಅಥವಾ ಫೋನ್ ನಂಬರಿನಂಥ ಒಂದು ಸಂಖ್ಯೆ ಹೇಳಬೇಕು. ನಡುವಿನ ಎರಡು ಪದಕ್ಕೆ ಈಗ ನಿಮ್ಮಲ್ಲಿ ಉತ್ತರವಿದೆ: ‘ಇಶ್ ಕೊಮೆ ಔಸ್ ಇಂಡಿಯೆನ್. ಇಶ್ ವೋನೆ ಇನ್ ಹುಬ್ಬಳ್ಳಿ, ಬೈ ಮೈನೆನ್ ಎಲ್ಟರ್ನ್.’ ದೇಶಕ್ಕೆ ಆರ್ಟಿಕಲ್ ಬೇಡವಾಯಿತು, ಊರಿಗೆ ‘ಇನ್’ ಸಾಕಾಯಿತು, ಅಪ್ಪ–ಅಮ್ಮನ ಮನೆಗೆ ‘ಬೈ’ ಬಂತು. ಇನ್ನು ಹವ್ಯಾಸ ಹೇಳುವುದು ಬಾಕಿ. ಅದಕ್ಕೆ ವಿಭಕ್ತಿಯ ಕಾಟ ಕಡಿಮೆ.